ಅರವತ್ತು ಎಲೆಗಳ ಸಂಸಾರ

ಇಸ್ಪೀಟು ನಮಗೆಲ್ಲ ಗೊತ್ತು. ಐವತ್ತೆರಡು ಎಲೆ, ಎಲ್ಲರಿಗೂ ಒಂದೇ ಕಟ್ಟು. ಕೈಗೆ ಬಿದ್ದದ್ದರಲ್ಲಿ ಆಡಬೇಕು, ಸೋತರೆ ಹಣೆಬರಹ ಎನ್ನಬೇಕು. ಅಕ್ಕನ ಮಗಳು ನನಗೆ ಕಲಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದಲ್ಲಿ ಹಾಗೆ ಹಣೆಬರಹವನ್ನು ಬೈದು ಪಾರಾಗುವಂತಿಲ್ಲ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಎಲೆಗಳನ್ನು ತಾವೇ ಆರಿಸಿ, ಕಟ್ಟು ಮಾಡಿ ತರಬೇಕು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿ, 1993ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟ ಇದು. ಆಟಕ್ಕೂ ವಿಮರ್ಶೆಯೆ ಎಂದು ನಗಬೇಡಿ. ಆಟವೂ ಒಂದು ಮಾತು ಹೇಳುತ್ತದೆ. ಹೇಳಿದಂತೆ ನಡೆಯುತ್ತದೆಯೇ ಎಂದು ಕೇಳುವ ಹಕ್ಕು ಆಡುವವರಿಗಿದೆ.

ಸ್ಪರ್ಧೆಗೆ ಸಾಮಾನ್ಯವಾಗಿ ಕನಿಷ್ಠ 60 ಎಲೆ ಬೇಕು. ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ದೇವತೆ, ಡ್ರ್ಯಾಗನ್, ಸೈನಿಕ, ಮಂತ್ರ ಎಲ್ಲ ಇವೆ. ಆದರೆ ಬಹುಪಾಲು ಯಾವುದೂ ಬಿಟ್ಟಿ ಬರುವುದಿಲ್ಲ. ಮೇಲಿನ ಮೂಲೆಯಲ್ಲಿ ಅದರ ಬೆಲೆ ಅಚ್ಚಾಗಿರುತ್ತದೆ. ಆ ಬೆಲೆ ತೆರುವುದು 'ಲ್ಯಾಂಡ್' ಎಂಬ ನೆಲದ ಎಲೆಗಳು: ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು. ಸರದಿಗೆ ಒಂದೇ ನೆಲ ಇಳಿಸಬಹುದು. ಇಳಿದ ನೆಲ ಸರದಿಗೊಮ್ಮೆ ಒಂದು ಪಾಲು ಶಕ್ತಿ ಕೊಡುತ್ತ ಸುಮ್ಮನೆ ಕೂತಿರುತ್ತದೆ. ಅದು ಹೊಡೆಯುವುದೂ ಇಲ್ಲ, ಹಾರುವುದೂ ಇಲ್ಲ.

ನನ್ನ ಮೊದಲ ಕಟ್ಟು ಹೇಳಿಕೊಳ್ಳಲು ನಾಚಿಕೆ. ಬೆಲೆ ಆರು ಇರುವ 'ಶಿವನ್ ಡ್ರ್ಯಾಗನ್', ಬೆಲೆ ಐದು ಇರುವ 'ಸೆರಾ ಏಂಜಲ್', ಹೀಗೆ ಕಣ್ಣಿಗೆ ಬಿದ್ದ ದೊಡ್ಡದನ್ನೆಲ್ಲ ತುರುಕಿ, ನೆಲಕ್ಕೆ 16 ಜಾಗ ಉಳಿಸಿದ್ದೆ. ಮೊದಲು ಕೈಗೆ ಏಳು ಎಲೆ ಬರುತ್ತವೆ. ನನ್ನ ಕೈಯಲ್ಲಿ ಒಂದೇ ನೆಲ, ಆರು ಘಟಾನುಘಟಿಗಳು. ಎದುರಿಗೆ ಅವಳ ಪುಡಿ ಗಾಬ್ಲಿನ್‌ಗಳು ಒಂದೊಂದಾಗಿ ಇಳಿದು ನನ್ನ ಇಪ್ಪತ್ತು ಅಂಕದ ಜೀವ ತಿಂದು ಮುಗಿಸಿದವು. ಡ್ರ್ಯಾಗನ್ ಕೈಯಲ್ಲೇ ಮುದುಡಿತು.

"ಚಿಕ್ಕಮ್ಮ, ನೀವು ಬರೀ ಹಬ್ಬದಡುಗೆ ತಂದಿದೀರಿ, ಅಕ್ಕಿ ಎಲ್ಲಿ?" ಎಂದಳು.

ಆಮೇಲೆ ಕೂತು ಲೆಕ್ಕ ಹಾಕಿದೆವು. ಅರವತ್ತರಲ್ಲಿ 16 ನೆಲ ಇದ್ದರೆ, ಐದು ಸಲ ಎಲೆ ಹಂಚಿದಾಗ ಹೆಚ್ಚುಕಡಿಮೆ ಎರಡು ಸಲ ಒಂದೇ ನೆಲ, ಇಲ್ಲವೇ ಅದೂ ಇಲ್ಲ. 24 ಇಟ್ಟರೆ ಆ ಕಷ್ಟ ಏಳು ಸಲಕ್ಕೆ ಒಮ್ಮೆಗೆ ಇಳಿಯುತ್ತದೆ. ಹಾಗೆಂದು ನೆಲವನ್ನೇ ತುಂಬಿದರೆ ಒಲೆ ಉರಿಯುತ್ತದೆ, ಬೇಯಿಸಲು ಏನೂ ಇರುವುದಿಲ್ಲ. ಉಳಿದ ಮೂವತ್ತಾರರಲ್ಲೂ ಅಗ್ಗದವು ಹೆಚ್ಚು, ದುಬಾರಿಯವು ಕಡಿಮೆ ಇರಬೇಕು. ತಿಂಗಳ ದಿನಸಿ ಚೀಟಿ ಬರೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ನಾನು ತಪ್ಪಿದ್ದೆ.

ದೊಡ್ಡ ಆಟಗಾರರೂ ಇದನ್ನು ತಡವಾಗಿಯೇ ಅರಿತರು. 1996ರಲ್ಲಿ ಅಟ್ಲಾಂಟಾದ ಅರ್ಹತಾ ಸ್ಪರ್ಧೆಯೊಂದಕ್ಕೆ ಪಾಲ್ ಸ್ಲೈ ಎಂಬಾತ ಜೇ ಷ್ನೈಡರ್ ರೂಪಿಸಿದ ಕಟ್ಟನ್ನು ಒಯ್ದ. ನೋಡಿದರೆ ಕಸದಂಥ ಚಿಲ್ಲರೆ ಸೈನಿಕರು. ಆದರೆ ಪ್ರತಿ ಸರದಿಯಲ್ಲೂ ಇದ್ದ ಶಕ್ತಿಯಷ್ಟೂ ಖರ್ಚಾಗುವಂತೆ ಬೆಲೆಗಳನ್ನು ಜೋಡಿಸಿದ್ದರು. ಅವನು ಎರಡನೆಯ ಸ್ಥಾನಕ್ಕೆ ಬಂದ. ಆ ಬಗೆಯ ಕಟ್ಟಿಗೆ ಅವನ ಹೆಸರೇ ಉಳಿಯಿತು.

ಇಲ್ಲಿಯವರೆಗೆ ನಾನು ಆಟದ ಪಕ್ಷ. ಅದರ ನಿಯಮಗಳಿಗೆ ನೆಲದ ಮೇಲೆ ಗೌರವವಿದೆ. ನಾಲ್ಕರ ಮಿತಿ ಆ ಐದು ಮೂಲ ನೆಲಗಳಿಗೆ ಅನ್ವಯಿಸುವುದಿಲ್ಲ. ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಿ ಎನ್ನುತ್ತದೆ. ನನ್ನ ತಕರಾರು ಅಂಗಡಿಯ ಜತೆ. ಎಲೆಗಳನ್ನು ಮಾರುವುದು ಮುಚ್ಚಿದ ಪೊಟ್ಟಣದಲ್ಲಿ. ಒಳಗೇನಿದೆ ಎಂದು ಒಡೆಯುವ ತನಕ ಗೊತ್ತಿಲ್ಲ. ಅಪರೂಪದ ಎಲೆಯ ಆಸೆಗೆ ಮಕ್ಕಳು ಒಂದರ ಮೇಲೊಂದು ಒಡೆಯುತ್ತಾರೆ. ನೆಲ ಬಂದರೆ ಮುಖ ಬಾಡುತ್ತದೆ. ನಿಯಮ ಮಿತವ್ಯಯ ಕಲಿಸುತ್ತದೆ, ಪೊಟ್ಟಣ ದುಂದು ಕಲಿಸುತ್ತದೆ.

1993ರ 'ಬ್ಲ್ಯಾಕ್ ಲೋಟಸ್' ಎಂಬ ಎಲೆಯನ್ನೇ ನೋಡಿ. ಬಿಟ್ಟಿಯಾಗಿ ಇಳಿದು, ಒಂದೇ ಸಲ ಮೂರು ಪಾಲು ಶಕ್ತಿ ಕೊಟ್ಟು ಹೋಗಿಬಿಡುವ ಹೂವು. 2021ರಲ್ಲಿ ಅದರ ಒಂದು ಪ್ರತಿ ಹರಾಜಿನಲ್ಲಿ 5 ಲಕ್ಷ ಡಾಲರ್ ದಾಟಿತು. ಸರದಿ ತಪ್ಪದೆ ದುಡಿಯುವ ಬೆಟ್ಟದ ಎಲೆಯನ್ನು ಹಳೆಯ ಆಟಗಾರರು ಹೊಸಬರಿಗೆ ಪುಕ್ಕಟೆ ಕೊಡುತ್ತಾರೆ. ಒಮ್ಮೆ ಕೊಟ್ಟು ಹೋಗುವವರಿಗೆ ಹಾರ, ದಿನಾ ಕೊಡುವವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಮಾತು ಆಟದ ಮೇಜಿಗೆ ಮಾತ್ರ ಸೇರಿದ್ದೆಂದು ನನಗೆ ಅನ್ನಿಸಲಿಲ್ಲ. ನಿಮಗೂ ಅನ್ನಿಸಲಿಕ್ಕಿಲ್ಲ.

ಆದರೂ ಆಟವನ್ನು ಕೈಬಿಡಬೇಡಿ ಎಂದೇ ಹೇಳುತ್ತೇನೆ. ಪೊಟ್ಟಣದ ಚಟ ಬೇಡ. ಬೇಕಾದ ಬಿಡಿ ಎಲೆಗಳನ್ನು ಕೊಂಡು, ಬದಲಾಯಿಸಿಕೊಂಡು ಕಟ್ಟಿದರೆ ಸಾಕು. ನನ್ನ ಕಟ್ಟಿನಲ್ಲಿ ಈಗ 24 ನೆಲ, ಎರಡೇ ಡ್ರ್ಯಾಗನ್. ಮೊನ್ನೆ ಆರನೆಯ ನೆಲ ಇಳಿಸಿ ಡ್ರ್ಯಾಗನ್ನನ್ನು ಕರೆದಾಗ, ಹುಡುಗಿ ಕಣ್ಣರಳಿಸಿ ನೋಡಿದ್ದು ಡ್ರ್ಯಾಗನ್ನನ್ನು. ನಾನು ನೋಡಿದ್ದು ಅದರ ಕೆಳಗೆ ಸಾಲಾಗಿ ಕೂತಿದ್ದ ಆರು ನೆಲಗಳನ್ನು.