ಗಡ್ಡಿಯ ಬಂಡೆಗಳನ್ನು ಮತ್ತೆ ಹತ್ತೋಣ

ಬೌಲ್ಡರಿಂಗ್ ಬಲ್ಲವರಿಗೆ ಹಂಪಿ ಎಂದರೆ ಹೊಳೆಯ ಈಚೆ ದಂಡೆ: ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿ, ಸಾಣಾಪುರ, ಆನೆಗೊಂದಿ. ಹಗ್ಗವಿಲ್ಲ, ಕೊಕ್ಕೆಯಿಲ್ಲ. ಎರಡಾಳೆತ್ತರದ ಗುಂಡು, ಕಾಲಿಗೆ ಬಿಗಿಯಾದ ಶೂ, ಬೆರಳ ಬೆವರು ಹೀರಲು ಚಾಕ್ ಪುಡಿ, ಬಿದ್ದರೆ ಕೆಳಗೊಂದು ದಪ್ಪ ಗಾದಿ. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿ ಹತ್ತಿದ್ದನ್ನು ‘ಪಿಲ್‌ಗ್ರಿಮೇಜ್’ ಚಿತ್ರ 2003ರಲ್ಲಿ ತೋರಿಸಿದ ಮೇಲೆ ಗಡ್ಡಿಯ ಹೆಸರು ದೂರದೂರಕ್ಕೆ ಹೋಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟ್‌ಗಳು ನೆಲಸಮವಾದವು. ಬೆನ್ನಿಗೇ ಕೊರೊನಾ.

ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಪರಂಪರೆಯ ನೆಲದಲ್ಲಿ ನಿಯಮ ಮೀರಿ ಕಟ್ಟಿದ್ದು ಹೋಗಲೇಬೇಕಿತ್ತು. ಆದರೆ ಗಾದಿ ಬಾಡಿಗೆಗೆ ಸಿಗುತ್ತಿದ್ದ ಜಾಗ, ಯಾವ ಗುಂಡನ್ನು ಯಾವ ಮಗ್ಗುಲಿಂದ ಹತ್ತಬೇಕೆಂದು ತೋರಿಸುತ್ತಿದ್ದ ಹುಡುಗರು, ಬೀಳುವವರ ಬೆನ್ನಿಗೆ ಕೈಯೊಡ್ಡಿ ನಿಲ್ಲುತ್ತಿದ್ದ ಜೊತೆಗಾರರು, ಇವರೆಲ್ಲ ಕಟ್ಟಡಗಳ ಸಂಗಡವೇ ಚದುರಿದರು. ಒಂದಿಷ್ಟು ಚಟುವಟಿಕೆ ಸಾಣಾಪುರಕ್ಕೆ ಸರಿಯಿತು. 2025ರ ಮಾರ್ಚ್‌ನಲ್ಲಿ ಅಲ್ಲಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯ ಆ ಊರಿಗೂ ಭಯ ತಂದಿತು.

ಮುಚ್ಚಿದ ತಾಣವನ್ನು ಊರವರೇ ಮತ್ತೆ ತೆರೆಯಬಹುದು. ಅಮೆರಿಕದ ವರ್ಮಾಂಟ್ ರಾಜ್ಯದ ಅಸ್ಕಟ್ನಿ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಸ್ಕೀ ತಾಣವೊಂದಿತ್ತು. ಅದನ್ನು ನಡೆಸುತ್ತಿದ್ದ ರೆಸಾರ್ಟ್ 2010ರಲ್ಲಿ ಮುಚ್ಚಿತು. ಊರವರು ಸಂಘ ಕಟ್ಟಿದರು. ಜಾರುವವರನ್ನು ಮೇಲಕ್ಕೆಳೆಯಲು ಒಂದು ಹಗ್ಗದ ಯಂತ್ರ ಹಾಕಿ, ಸ್ವಯಂಸೇವಕರನ್ನೇ ನಂಬಿ ಬೆಟ್ಟವನ್ನು ಮತ್ತೆ ತೆರೆದರು. ಅದೇ ರಾಜ್ಯದ ಮ್ಯಾಡ್ ರಿವರ್ ಗ್ಲೆನ್ 1995ರಿಂದ ಜಾರುವವರದೇ ಸಹಕಾರ ಸಂಘದ ಒಡೆತನದಲ್ಲಿದೆ. ಅವರಿಗೆ ಯಂತ್ರ ಬೇಕು, ಹಿಮವೂ ಬೀಳಬೇಕು. ನಮಗೆ ಎರಡೂ ಬೇಡ.

ನಮ್ಮ ಕಲ್ಲಿನ ಗುಣವೇ ಬೇರೆ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಬಿರುಕುಬಿಟ್ಟು, ಬಿರುಕಿಗೆ ನೀರಿಳಿದು, ಮೂಲೆಗಳು ಸವೆದು, ಇದ್ದಲ್ಲೇ ಉರುಟಾಗಿ ಉಳಿದ ಗುಂಡುಗಳಿವು. ಯಾರೂ ಹೊತ್ತು ತಂದು ಪೇರಿಸಿದ್ದಲ್ಲ. ಮೈ ಒರಟು, ಹರಳುಗಳು ಬೆರಳ ತುದಿಯ ಚರ್ಮ ಕೀಳುತ್ತವೆ, ಆದರೆ ಆ ಒರಟಿನಿಂದಲೇ ಹಿಡಿಯೇ ಇಲ್ಲದ ಇಳಿಜಾರಿನಲ್ಲೂ ಅಂಗಾಲು ನಿಲ್ಲುತ್ತದೆ. ಬಿಸಿಲೇರಿದರೆ ಬೆರಳು ಬೆವೆತು ಜಾರುತ್ತದೆ. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗಿನ ಮುಂಜಾವು, ಇಳಿಹೊತ್ತೇ ನಮ್ಮ ಕಾಲ. ಆ ಹೊತ್ತಿಗೆ ಕಲ್ಲು ತಣ್ಣಗಿರುತ್ತದೆ, ನಿನ್ನೆ ಕೈಕೊಟ್ಟ ಹಿಡಿ ಇಂದು ನಿಲ್ಲುತ್ತದೆ. ಈ ಸುಖ ಬಲ್ಲವರೇ ಬಲ್ಲರು.

ಹತ್ತುವವರಿಲ್ಲದ ಬಂಡೆಗೆ ಕಲ್ಲುಹೂವು ಮತ್ತೆ ಹಬ್ಬುತ್ತದೆ. ಅದನ್ನು ಮೆದು ಬ್ರಷ್‌ನಿಂದ ಹಿಡಿಯಿರುವಷ್ಟೇ ಜಾಗದಲ್ಲಿ ತೆಗೆಯಬೇಕು. ತಂತಿ ಬ್ರಷ್ ಬೇಡವೇ ಬೇಡ, ಕಲ್ಲಿನ ಮೈ ಒಮ್ಮೆ ಹೋದರೆ ಹೋಯಿತು. ಹಚ್ಚಿದ ಚಾಕನ್ನು ಹೊರಡುವ ಮುಂಚೆ ಒರೆಸುವುದೂ ಹತ್ತುವವರದೇ ಕೆಲಸ.

ದುಬಾರಿಯೆಂದರೆ ಗಾದಿ. ಅದರ ಒಳಗುಟ್ಟು ಸರಳ: ಮೇಲೆ ಗಟ್ಟಿ ಸ್ಪಂಜು, ಕೆಳಗೆ ಮೆತ್ತನೆಯದು, ಹೊರಗೆ ಹರಿಯದ ದಪ್ಪ ಬಟ್ಟೆ, ಹೊರಲು ಹೆಗಲ ಪಟ್ಟಿ. ಗಂಗಾವತಿಯ ಗಾದಿ ಹೊಲಿಯುವವರಿಗೆ ಇದೇನು ಕಷ್ಟ? ಹತ್ತಾರು ಹೊಲಿಸಿ ಆನೆಗೊಂದಿಯ ಒಂದು ಕೋಣೆಯಲ್ಲಿಟ್ಟರೆ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರಿಗೈಲಿ ಬಂದು ಹತ್ತಬಹುದು. ಬೌಲ್ಡರಿಂಗ್ ಟೋಕಿಯೊದಿಂದೀಚೆಗೆ ಒಲಿಂಪಿಕ್ ಆಟ. ಕಲಿಸಲು ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಿದೆ. ಕಲಿತ ಊರಿನ ಹುಡುಗ ಹುಡುಗಿಯರಿಗೆ ದಿನಗೂಲಿ ಸಿಗಲಿ, ಇದನ್ನೆಲ್ಲ ನಡೆಸುವ ಸಂಘ ಅವರದ್ದೇ ಆಗಲಿ.

ಮುಟ್ಟಬಾರದ ಕಲ್ಲುಗಳೂ ಇವೆ. ಹಿರೇಬೆಣಕಲ್‌ನ ಶಿಲಾಸಮಾಧಿಗಳು, ಆನೆಗೊಂದಿಯ ಒನಕೆ ಕಿಂಡಿಯ ಚಿತ್ರಗಳು, ಜನ ಕೈಮುಗಿಯುವ ಪ್ರತಿಯೊಂದು ಗುಂಡು. ಚಿರತೆ, ಕರಡಿ ಓಡಾಡುವ ಕಣಿವೆಗಳನ್ನು ಕತ್ತಲಾಗುವ ಮೊದಲೇ ಬಿಟ್ಟುಬರಬೇಕು. ಹಾಗಾಗಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಹತ್ತುವ ಬಂಡೆ, ಹತ್ತಬಾರದ ಬಂಡೆ ಎರಡನ್ನೂ ಗುರುತಿಸಿದ ಕನ್ನಡದ ನಕ್ಷೆ. ಚಳಿ ಶುರುವಾಗುವುದರೊಳಗೆ ಹಂಪಿ ಪ್ರಾಧಿಕಾರ, ಅರಣ್ಯ ಇಲಾಖೆ, ಆನೆಗೊಂದಿ ಮತ್ತು ಸಾಣಾಪುರದ ಪಂಚಾಯಿತಿಗಳು ಕೂತು ಅದಕ್ಕೊಂದು ಒಪ್ಪಿಗೆ ಕೊಡಲಿ. ಜೊತೆಗೆ ನಡೆದು ಒಂದೊಂದು ಬಂಡೆಯನ್ನೂ ತೋರಿಸಲು ನಾವು ಹತ್ತುವವರು ಸಿದ್ಧರಿದ್ದೇವೆ.