ದುಷ್ಕರಕ್ರೀಡೆಯೂ ವ್ಯಾಖ್ಯಾನಧರ್ಮವೂ

ಐಹೊಳೆಯ ಮೇಗುಟಿ ಜಿನಾಲಯದ ಭಿತ್ತಿಯಲ್ಲಿರುವ ಶಕ ೫೫೬ರ (ಕ್ರಿ. ಶ. ೬೩೪-೩೫) ಪ್ರಶಸ್ತಿಯ ಕೊನೆಯಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನಾಗಿ ಹೇಳಿಕೊಂಡಿರುವುದು ಸುವಿದಿತ. ಆ ಕವಿಗಳ ಕಾಲನಿರ್ಣಯಕ್ಕೆ ಈ ಮಾತಿನಿಂದಾದ ಉಪಕಾರವನ್ನು ಚರಿತ್ರಕಾರರು ಬೇಕಾದಷ್ಟು ವಿವರಿಸಿರುವರು. ಓದಿದೊಡನೆ ಒಲಿಯುವ ಕವಿಯನ್ನೂ ಕಷ್ಟಪಟ್ಟವನಿಗೇ ಒಲಿಯುವ ಕವಿಯನ್ನೂ ಈತನು ಒಟ್ಟಿಗೇ ಆದರ್ಶವಾಗಿ ಇಟ್ಟುಕೊಂಡನೆಂಬುದಾದರೋ ಅಷ್ಟಾಗಿ ವಿಚಾರಕ್ಕೆ ಬಂದಂತಿಲ್ಲ. ಕಾಠಿಣ್ಯವು ಕೃತಿಗೆ ಗುಣವೋ ದೋಷವೋ ಎಂಬ ಪ್ರಶ್ನೆ ಅಲ್ಲಿಯೇ ಅಡಗಿರುವುದು.

ಅದೇ ಪ್ರಶ್ನೆ ಈಗ ವಿಡಿಯೊ ಆಟಗಳೆಂಬ ಹೊಸ ಕಲೆಯಲ್ಲಿ ತಲೆಯೆತ್ತಿದೆ. ೨೦೧೯ರಲ್ಲಿ ಜಪಾನಿನಿಂದ ಬಂದ ‘ಸೆಕಿರೊ’ ಎಂಬ ಖಡ್ಗಯುದ್ಧದ ಆಟದಲ್ಲಿ ಸುಲಭ, ಮಧ್ಯಮ, ಕಠಿಣವೆಂಬ ಆಯ್ಕೆಯೇ ಇಲ್ಲ. ಎದುರಾಳಿಯ ಪೆಟ್ಟನ್ನು ತಕ್ಕ ಕ್ಷಣದಲ್ಲಿ ತಡೆಯಲಾರದವನಿಗೆ ಮುಂದಿನ ದಾರಿ ತೆರೆಯುವುದು ದುರ್ಲಭ. ಎಲ್ಲರೂ ಒಂದೇ ಸಂಕಟವನ್ನು ದಾಟಿ ಒಂದೇ ಸಂತೋಷವನ್ನು ಹೊಂದಬೇಕೆಂಬುದು ಕರ್ತೃಗಳ ಆಶಯ. ೨೦೧೮ರ ‘ಸೆಲೆಸ್ಟ್’ ಎಂಬ ಪರ್ವತಾರೋಹಣದ ಆಟವೂ ದುಷ್ಕರವೇ; ಆದರೆ ಅದರಲ್ಲಿ ‘ಅಸಿಸ್ಟ್ ಮೋಡ್’ ಎಂಬ ಏರ್ಪಾಡಿದೆ. ಬೇಕಾದವನು ಆಟದ ವೇಗವನ್ನು ಅರ್ಧದವರೆಗೆ ಇಳಿಸಿಕೊಳ್ಳಬಹುದು, ಹತ್ತುವವಳಿಗೆ ಆಯಾಸವಿಲ್ಲದಂತೆ, ಸಾವೇ ಇಲ್ಲದಂತೆ ಮಾಡಿಕೊಳ್ಳಬಹುದು. ಇಂತಹ ಸೌಲಭ್ಯದಿಂದ ಕೃತಿಯ ಸತ್ತ್ವವೇ ಹೋಗುವುದೆಂದು ಒಂದು ಪಕ್ಷ. ಅದಿಲ್ಲದಿದ್ದರೆ ಅಂಗವಿಕಲರು ಹೊರಗೇ ಉಳಿಯುವರೆಂದು ಇನ್ನೊಂದು ಪಕ್ಷ.

ವಾದ ಹೊಸದಲ್ಲ. ತನ್ನ ಕಾವ್ಯವು ವ್ಯಾಖ್ಯಾನದಿಂದಲೇ ತಿಳಿಯತಕ್ಕದ್ದು, ಪಂಡಿತರಿಗೆ ಅದು ಹಬ್ಬ, ಮಂದಮತಿಗಳು ಕೆಟ್ಟರು ಎಂದು ಭಟ್ಟಿಯು ಹೆಮ್ಮೆಯಿಂದ ಹೇಳಿದನು. ಭಾಮಹನು ಹೆಚ್ಚುಕಡಿಮೆ ಅವೇ ಪದಗಳಲ್ಲಿ, ಕಾವ್ಯಕ್ಕೂ ಶಾಸ್ತ್ರದಂತೆ ವ್ಯಾಖ್ಯಾನ ಬೇಕೆಂದಾದರೆ ಪಾಪ ಮಂದಮತಿಗಳು ಕೆಟ್ಟರಲ್ಲಾ ಎಂದು ಮರುಗುತ್ತಾನೆ. ಇವರಲ್ಲಿ ಪೂರ್ವನಾರೆಂಬ ವಿವಾದ ಪ್ರಕೃತಕ್ಕೆ ಅನಾವಶ್ಯಕ. ಇಬ್ಬರೂ ಕಾಠಿಣ್ಯವನ್ನು ಕೃತಿಯಲ್ಲಿಯೇ ನೆಲೆಗೊಂಡ ಧರ್ಮವೆಂದು ಭಾವಿಸಿದಂತಿದೆ. ಕೊರತೆ ಇರುವುದು ಅಲ್ಲಿ. ಕಾಠಿಣ್ಯವು ಕೃತಿಗೂ ಅಧಿಕಾರಿಗೂ ನಡುವಣ ಸಂಬಂಧವೇ ಹೊರತು ಒಂದರಲ್ಲಿಯೇ ಇರುವ ವಸ್ತುವಲ್ಲ.

ಮೇಗುಟಿಯನ್ನೇ ನೋಡಬಹುದು. ಆ ಗುಡ್ಡವನ್ನು ಹತ್ತಲಾರದ ವಿದ್ಯಾರ್ಥಿಯು ಕೀಲ್‌ಹಾರ್ನನು ‘ಎಪಿಗ್ರಾಫಿಯಾ ಇಂಡಿಕಾ’ದ ೬ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ ಪಾಠದಲ್ಲಿ ಅವೇ ೩೭ ಶ್ಲೋಕಗಳನ್ನು ಓದುತ್ತಾನೆ. ಅವನಿಗೆ ತಪ್ಪಿದ್ದು ಗುಡ್ಡ, ಕಾವ್ಯವಲ್ಲ. ಸಮಾಸಗಳನ್ನು ಬಿಡಿಸುವ ಶ್ರಮದಲ್ಲಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ೨೦೨೦ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ಇಂತಹ ಅನುಕೂಲಗಳು ಅರುವತ್ತಕ್ಕೂ ಮಿಕ್ಕಿವೆ. ಕಣ್ಣು ಕಾಣದವನು ಧ್ವನಿಸಂಕೇತಗಳ ಬಲದಿಂದ ಆಡಬಲ್ಲನು. ಇದರಿಂದ ಆಟ ಕೆಟ್ಟಿತೆನ್ನುವವನು ಅಚ್ಚಿನ ಪುಸ್ತಕವನ್ನೂ ನಿಂದಿಸಬೇಕಾದೀತು.

ಆದರೆ ವೇಗವನ್ನು ಇಳಿಸುವುದು ಇಷ್ಟು ಸುಲಭವಾಗಿ ತೀರುವ ವಿಷಯವಲ್ಲ. ಆಟದಲ್ಲಿ ವೇಗವು ಪದ್ಯದಲ್ಲಿನ ಛಂದಸ್ಸಿನಂತೆ. ಅದನ್ನು ಮುಟ್ಟಿದರೆ ಮೂಲವನ್ನೇ ಮುಟ್ಟಿದಂತಲ್ಲವೇ ಎಂಬ ಆಕ್ಷೇಪಕ್ಕೆ ಬಲವುಂಟು. ಇಲ್ಲಿ ಮಲ್ಲಿನಾಥನ ಮಾರ್ಗವು ಉಪಕಾರಕ. ಭಾರವಿಯ ವಾಣಿಯನ್ನು ತೆಂಗಿನಕಾಯಿಗೆ ಹೋಲಿಸಿ, ಅದನ್ನು ಒಡೆದಿಡುವೆನು, ಒಳಗಣ ಸಾರವನ್ನು ರಸಿಕರು ಇಚ್ಛೆಯಿದ್ದಂತೆ ಸವಿಯಲಿ ಎಂದವನು ಆತನು. ಟೀಕೆಗೆ ‘ಘಂಟಾಪಥ’, ಎಂದರೆ ರಾಜಬೀದಿ, ಎಂದೇ ಹೆಸರಿಟ್ಟನು. ವ್ಯಾಖ್ಯಾತೃವು ಅನ್ವಯ ಮಾಡುವಾಗ ಛಂದಸ್ಸನ್ನು ಮುರಿಯುತ್ತಾನೆ, ಪದಗಳನ್ನು ಗದ್ಯಕ್ರಮಕ್ಕೆ ತರುತ್ತಾನೆ. ಅದನ್ನು ಯಾರೂ ಪಾಠಭೇದವೆನ್ನುವುದಿಲ್ಲ, ಏಕೆಂದರೆ ಮೂಲವು ಮೇಲೆಯೇ ಇದೆ. ಅರ್ಥವಾದ ಮೇಲೆ ಓದುಗನು ಅಲ್ಲಿಗೆ ಮರಳುತ್ತಾನೆ. ‘ಸೆಲೆಸ್ಟ್’ನ ಮಂದಗತಿಯು ಇಂತಹ ಅನ್ವಯ. ಕೈಬೆರಳು ಸ್ವಭಾವತಃ ನಿಧಾನವಾದವನಿಗಾದರೋ ಅರ್ಧ ವೇಗವೇ ಮೂಲ. ಇತರರಿಗೆ ಪೂರ್ಣ ವೇಗದಲ್ಲಿ ಇರುವಷ್ಟೇ ಕಷ್ಟ ಅವನಿಗೆ ಅಲ್ಲಿರುತ್ತದೆ.

ಸಾವನ್ನೇ ತೆಗೆದುಹಾಕುವ ಆಯ್ಕೆ ಮಾತ್ರ ಅನ್ವಯವಲ್ಲ, ತಾತ್ಪರ್ಯ. ಕಿರಾತಾರ್ಜುನೀಯದ ೧೫ನೆಯ ಸರ್ಗದಲ್ಲಿ ‘ನ’ಕಾರವೊಂದನ್ನೇ ಹಿಡಿದು ನಡೆಯುವ ಶ್ಲೋಕದ ತಾತ್ಪರ್ಯವನ್ನಷ್ಟೇ ಕೇಳಿದವನಿಗೆ ಆ ಶ್ಲೋಕ ದಕ್ಕಿದಂತಾಗುವುದಿಲ್ಲ, ಅಲ್ಲಿನ ಚಮತ್ಕಾರವೆಲ್ಲ ಬಂಧದಲ್ಲಿರುವುದು. ಹಾಗೆಂದು ತಾತ್ಪರ್ಯವನ್ನು ಓದಬಾರದೆಂದು ಯಾವ ಅಧ್ಯಾಪಕನೂ ವಿಧಿಸುವುದಿಲ್ಲ. ಅದು ಪರೀಕ್ಷೆಗೆ ಸಾಕೆಂದು ತಿಳಿಯುವ ವಿದ್ಯಾರ್ಥಿಗಳ ಕಥೆ ಬೇರೆ.

‘ಸೆಕಿರೊ’ದ ಕರ್ತೃಗಳ ಹಟಕ್ಕೂ ಗೌರವ ಸಲ್ಲಬೇಕು. ಬಂಧವೇ ರಸವಾದ ಕೃತಿಗಳುಂಟು. ಆದರೆ ಭಾರವಿಯು ಟೀಕೆಗೆ ಅಂಜಬೇಕಾಗಲಿಲ್ಲ; ಮಲ್ಲಿನಾಥನ ತರುವಾಯವೂ ಆ ಸರ್ಗ ದುಷ್ಕರವಾಗಿಯೇ ಉಳಿದಿದೆ. ಅದೇ ಸಂಸ್ಥೆಯ ೨೦೨೨ರ ‘ಎಲ್ಡನ್ ರಿಂಗ್’ನಲ್ಲಿ ಆಡುವವನು ಆತ್ಮರೂಪಿಗಳಾದ ಸಹಾಯಕರನ್ನು ಯುದ್ಧಕ್ಕೆ ಕರೆದುಕೊಳ್ಳಬಹುದಾಗಿದೆ. ಆಯ್ಕೆಯೆಂಬ ಹೆಸರಿಲ್ಲದೆ ಟೀಕೆಯು ಮೂಲದೊಳಗೇ ಸೇರಿತು.

ಪಾಠಪರಿಷ್ಕರಣದಲ್ಲಿ ಆಸಕ್ತರಾದವರು ‘ಸೆಲೆಸ್ಟ್’ನ ಸಹಾಯವಿಭಾಗದ ಅವತರಣಿಕೆಯನ್ನು ಗಮನಿಸಬೇಕು. ಮೊದಲ ಪಾಠದಲ್ಲಿ ಕಾಠಿಣ್ಯವು ಅನುಭವಕ್ಕೆ ಅತ್ಯಾವಶ್ಯಕವೆಂಬರ್ಥದ ಮಾತಿದ್ದಿತು. ಸಹಾಯವನ್ನು ಕೊಡುತ್ತಲೇ ತೆಗೆದುಕೊಳ್ಳುವವನನ್ನು ಅದು ತಗ್ಗಿಸುವಂತಿದ್ದಿತು, ಭಟ್ಟಿಯ ಧ್ವನಿ. ಅನಂತರ ಆ ವಾಕ್ಯವನ್ನು ಕರ್ತೃಗಳು ತೆಗೆದರು. ಮೂಲಸ್ಥಿತಿಯಲ್ಲಿ ಆಟವು ಯಾರಿಗೆ ಎಟುಕದೋ ಅವರಿಗೆ ಈ ದಾರಿಯಲ್ಲಿಯೂ ಅದೇ ಅನುಭವ ದೊರೆಯಲೆಂಬ ಹಾರೈಕೆಯು ಈಗ ಅಲ್ಲಿರುವುದು.