‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದಲ್ಲಿ ಚಿತ್ತವಿಭ್ರಮವೂ ದಾಂಪತ್ಯವೂ

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರನ ಈ ನಾಟಕವು 1949ನೆಯ ಇಸವಿ ಫೆಬ್ರವರಿ 10ರಂದು ನ್ಯೂಯಾರ್ಕಿನಲ್ಲಿ ಇಲಿಯಾ ಕಜಾನನ ನಿರ್ದೇಶನದಲ್ಲಿ ಪ್ರಥಮತಃ ಪ್ರಯೋಗಗೊಂಡಿತು. ಊರೂರು ತಿರುಗಿ ಸರಕು ಮಾರುವ, 63 ವರ್ಷದ ವಿಲ್ಲಿ ಲೋಮನನು ಇದರ ನಾಯಕ. ಇವನ ಬುದ್ಧಿವಿಕಲತೆಯು ಕೇವಲ ವ್ಯಾಧಿಯಾದರೆ ನಾಟಕವು ಮರುಕವನ್ನು ಹುಟ್ಟಿಸೀತೇ ಹೊರತು ದುರಂತವೆನಿಸಲಾರದೆಂಬ ಆಕ್ಷೇಪವು ವಿಚಾರಾರ್ಹವಾದುದು.

ಮಿಲ್ಲರನು ಮೊದಲು ಎಣಿಸಿದ್ದ ಹೆಸರು ‘ಅವನ ತಲೆಯ ಒಳಗು’ ಎಂಬ ಅರ್ಥದ್ದು. ಅದಕ್ಕೆ ತಕ್ಕಂತೆ ವಿಲ್ಲಿಗೆ ಗತಕಾಲವು ನೆನಪಾಗಿ ಬಾರದೆ ಕಣ್ಣೆದುರಿಗೇ ನಡೆಯುತ್ತದೆ. ಆದರೆ ಈ ವಿಭ್ರಮವು ಯಾದೃಚ್ಛಿಕವಲ್ಲ. ಉದ್ಯೋಗ ಹೋದೊಡನೆ ಸಿರಿವಂತನಾದ ಅಣ್ಣ ಬೆನ್ ಕಾಣಿಸಿಕೊಳ್ಳುತ್ತಾನೆ. ಮಗ ಬಿಫ್ ತನ್ನ ಸೋಲನ್ನು ಹೇಳತೊಡಗಿದಾಗ, ತಂದೆಯ ವಂಚನೆಯನ್ನು ಅವನು ಕಂಡ ಬಾಸ್ಟನ್ನಿನ ಕೋಣೆ ಮರಳಿ ಬರುತ್ತದೆ. ವರ್ತಮಾನದ ಒಂದೊಂದು ಪೆಟ್ಟಿಗೂ ಒಂದೊಂದು ಭ್ರಾಂತಿ. ಆದುದರಿಂದ ರೋಗದ ಬೇರು ಯಶಸ್ಸನ್ನು ಕುರಿತ ನಂಬಿಕೆಯಲ್ಲಿಯೇ ಇದೆ. ಆ ನಂಬಿಕೆಯ ಮೂರ್ತಿಯೇ ಡೇವ್ ಸಿಂಗಲ್‌ಮನ್: 84ನೆಯ ವಯಸ್ಸಿನಲ್ಲಿಯೂ ಹೋಟೆಲಿನ ಕೋಣೆಯಿಂದಲೇ ವ್ಯಾಪಾರ ನಡೆಸಿದವನು, ಅವನ ಅಂತ್ಯಕ್ರಿಯೆಗೆ ನೂರಾರು ಮಂದಿ ನೆರೆದರಂತೆ. ವಿಲ್ಲಿಯ ಸಮಾಧಿಯ ಬಳಿ ನಿಲ್ಲುವವರು ಐವರೇ.

ಲಿಂಡಳನ್ನು ಪತಿವ್ರತೆಯೆಂದು ಹೊಗಳಿ ಮುಗಿಸುವುದು ಸುಲಭ; ನಾಟಕವು ಅಷ್ಟಕ್ಕೆ ಬಿಡುವುದಿಲ್ಲ. ನೆರೆಯ ಚಾರ್ಲಿಯಿಂದ ವಾರವಾರ ತಂದ ಸಾಲವನ್ನು ಗಂಡನು ಸಂಬಳವೆಂದು ಕೊಟ್ಟರೆ, ತಿಳಿದೂ ತಿಳಿಯದವಳಂತೆ ತೆಗೆದುಕೊಳ್ಳುತ್ತಾಳೆ. ಆತ್ಮಹತ್ಯೆಗೆಂದು ಅವನು ಅಡಗಿಸಿಟ್ಟ ರಬ್ಬರ್ ಕೊಳವೆಯನ್ನು ದಿನವೂ ತೆಗೆದು, ಅವನು ಬರುವಷ್ಟರಲ್ಲಿ ಅಲ್ಲಿಯೇ ಇಡುತ್ತಾಳೆ. ಅವನ ಮಾನವನ್ನು ಕಾಯುವುದಕ್ಕಾಗಿ ಪ್ರಾಣವನ್ನು ಅಪಾಯಕ್ಕೊಡ್ಡುವ ಈ ಪ್ರೇಮದಲ್ಲಿಯೇ ಕರುಣರಸವು ಪರಾಕಾಷ್ಠೆಗೇರುತ್ತದೆ. ಹಿಂದೆ ಬೆನ್ ಅಲಾಸ್ಕಕ್ಕೆ ಕರೆದಾಗಲೂ, ಇಲ್ಲಿನ ಉದ್ಯೋಗವೇ ಲೇಸೆಂದು ಗಂಡನನ್ನು ತಡೆದವಳು ಅವಳೇ.

ಸಾಮಾನ್ಯ ಮನುಷ್ಯನೂ ದುರಂತನಾಯಕನಾಗಬಲ್ಲನೆಂದು ಮಿಲ್ಲರನು ಅದೇ ವರ್ಷ ಒಂದು ಲೇಖನದಲ್ಲಿ ವಾದಿಸಿದನು. ಆದರೆ ತನ್ನ ತಪ್ಪಿನ ಅರಿವು ವಿಲ್ಲಿಗೆ ಕಡೆಯವರೆಗೂ ಮೂಡುವುದಿಲ್ಲ. ವಿಮೆಯ 20,000 ಡಾಲರುಗಳಿಂದ ಮಗನು ದೊಡ್ಡವನಾಗುವನೆಂದು ನಂಬಿಯೇ ಸಾಯುತ್ತಾನೆ. ಆ ಅರಿವು ಮೂಡುವುದು ಬಿಫ್‌ನಲ್ಲಿ. ಕಿರಿಯ ಮಗ ಹ್ಯಾಪಿಯಾದರೋ ತಂದೆಯ ಕನಸನ್ನೇ ಮುಂದುವರಿಸುವ ಪಣ ತೊಡುತ್ತಾನೆ. ಅರಿವು ಒಬ್ಬನಿಗೆ, ಮರಣ ಮತ್ತೊಬ್ಬನಿಗೆ: ಈ ವಿಭಜನೆಯನ್ನು ಶಾಸ್ತ್ರದೃಷ್ಟಿಯಿಂದ ಕುಂದೆನ್ನಬಹುದು. ಆದರೆ ಭ್ರಾಂತಿಯು ಒಬ್ಬನದಲ್ಲ, ಒಂದು ಮನೆಯದು ಎಂಬುದೇ ನಾಟಕದ ಪ್ರತಿಪಾದ್ಯವಾಗಿರುವಲ್ಲಿ, ಅದರ ಫಲವೂ ಮನೆಯವರೆಲ್ಲರಿಗೆ ಹಂಚಿಹೋಗುವುದು ಉಚಿತವೇ ಆಗಿದೆ. ಮನೆಯ ಸಾಲದ ಕಡೆಯ ಕಂತನ್ನು ತೀರಿಸಿದ ಲಿಂಡಳು ಸಮಾಧಿಯ ಮುಂದೆ ಕುಳಿತು ಅಳುವಾಗ, ಆ ಹಂಚಿಕೆಯ ಲೆಕ್ಕವು ಪ್ರೇಕ್ಷಕರಿಗೆ ಪೂರ್ತಿಯಾಗಿ ತಿಳಿಯುತ್ತದೆ.